ಗಾಡಿ ಖಾಲಿ ಇರಬೇಕು

"ಅಕ್ಕಾರ, ಇದನ್ನೂ ಬಿಚ್ರಿ," ಎಂದು ಲಾಲಪ್ಪ ಕಾರಿನ ಸ್ಟೇರಿಂಗಿಗೆ ಕಟ್ಟಿದ್ದ ಹಸಿರು ಬಟ್ಟೆಯನ್ನು ತೋರಿಸಿದ. "ಹಡಗಿಗಿ ಹತ್ತೋ ಗಾಡಿ ಇದು. ಒಳಗ ಒಂದ್ ಕಡ್ಡಿ ಸುದ್ದಾ ಇರಬಾರದು."

ಸೈದಾನಬಿ ಕಾರಿನ ಬಾಗಿಲು ಹಿಡಿದು ನಿಂತೇ ಇದ್ದಳು. ವಾಡಿ ಊರಿನ ಹೊರಗೆ ರಸ್ತೆಯ ಬದಿಗೆ ಕಾರು ಸಾಗಿಸುವ ಉದ್ದನೆಯ ಲಾರಿ ನಿಂತಿತ್ತು. ಲಾಲಪ್ಪ ಅದರ ಡ್ರೈವರ್. ಚೆನ್ನೈ ತನಕ ಲಾರಿಯಲ್ಲಿ, ಅಲ್ಲಿಂದ ಅಂಡಮಾನಿಗೆ ಹಡಗಿನಲ್ಲಿ ಹೋಗಬೇಕಾಗಿದ್ದ ಆ ಬಿಳಿ ಆಲ್ಟೋ ಅವಳದಲ್ಲ, ಶಹಾಬಾದಿನ ಎದುರುಮನೆಯ ಜಯಮಾಲಾ ಟೀಚರದು. ಗಂಡನಿಗೆ ದ್ವೀಪಕ್ಕೆ ವರ್ಗವಾಗಿ ಜಯಮಾಲಾ ನಾಲ್ಕು ದಿನ ಮೊದಲೇ ರೈಲು ಹತ್ತಿದ್ದಳು. ಹೋಗುವಾಗ ಕೀಲಿಯನ್ನು ಸೈದಾನಬಿಯ ಕೈಗೆ ಕೊಟ್ಟು, "ನೀನೇ ಓಡಿಸ್ಕೊಂಡು ಹೋಗಿ ಕೊಡು ಆಪಾ, ಬ್ಯಾರೆಯವ್ರ ಕೈಯಾಗ ಕೊಡಬ್ಯಾಡ," ಎಂದಿದ್ದಳು.

ಇಬ್ಬರೂ ಗಾಡಿ ಕಲಿತದ್ದು ಒಟ್ಟಿಗೆ. ಪಾಳುಬಿದ್ದ ಕಲ್ಲುಗಣಿಯ ಪಕ್ಕದ ಬಯಲಿನಲ್ಲಿ, ಪ್ರತಿ ರವಿವಾರ. ಮೊದಲ ತಿಂಗಳು ಆ ಕಡೆಯ ಆಡುಕುರಿಗಳು ಜೀವ ಉಳಿಸಿಕೊಂಡದ್ದೇ ದೊಡ್ಡದು. ಆಮೇಲೆ ಧೈರ್ಯ ಬಂತು. ಮಿರ್ಚಿ ಭಜಿ ತಿನ್ನಲು ಚಿತ್ತಾಪುರ, ಸುಮ್ಮನೆ ಗಾಳಿ ಕುಡಿಯಲು ಕುಂಚಾವರಂ ಕಾಡು. ಗಂಡ ತೀರಿಕೊಂಡ ಮೇಲೆ ಸೈದಾನಬಿಯ ಲೋಕವೆಂದರೆ ಹೊಲಿಗೆ ಮಷಿನ್ನು ಮತ್ತು ಅದರ ಮುಂದಿನ ಕಿಟಕಿ. ಅವಳನ್ನು "ನಡಿ, ಎಲ್ಲ್ಯಾರ ಹೋಗೂಣು," ಎಂದು ಕರೆದ ಜೀವ ಜಯಮಾಲಾ ಒಬ್ಬಳೇ.

ಲಾಲಪ್ಪ ಗಾಡಿಯೊಳಗಿನ ಸಾಮಾನನ್ನು ಒಂದೊಂದಾಗಿ ತೆಗೆದು ನೆಲಕ್ಕಿಟ್ಟ. ಅವಳೇ ಹೊಲಿದ ಕಸೂತಿಯ ದಿಂಬು. ನೀರಿನ ಬಾಟಲಿ. ಏರಿನಲ್ಲಿ ನಿಲ್ಲಿಸಿದಾಗ ಗಾಲಿಗೆ ಆನಿಸಿಡುತ್ತಿದ್ದ ಒಂದು ತುಂಡು ಫರಸಿ ಕಲ್ಲು, ಶಹಾಬಾದಿನ ಗಣಿಯ ನೆಲಹಾಸು ಕಲ್ಲು. ಕೊನೆಗೆ ಉಳಿದದ್ದು ಹಸಿರು ಬಟ್ಟೆ.

ಅದು ಇಮಾಮ್ ಜಾಮಿನ್. ದೂರ ಹೊರಟವರ ಬಲತೋಳಿಗೆ ಬಟ್ಟೆಯಲ್ಲಿ ನಾಣ್ಯ ಸುತ್ತಿ ಕಟ್ಟುವುದು ಸೈದಾನಬಿಯ ಮನೆತನದ ಪದ್ಧತಿ. ಕ್ಷೇಮವಾಗಿ ಮುಟ್ಟಿದ ಮೇಲೆ ಆ ನಾಣ್ಯವನ್ನು ಬಡವರಿಗೆ ಕೊಡಬೇಕು. ಜಯಮಾಲಾಳಿಗೆಂದೇ ಹೊಲಿದು, ಮುಷ್ಟಿಯಲ್ಲಿ ಹಿಡಿದುಕೊಂಡು ಸ್ಟೇಷನ್ನಿಗೆ ಹೋಗಿದ್ದಳು. ಅಲ್ಲಿ ಜಯಮಾಲಾಳ ಅತ್ತೆ ರಮಾಬಾಯಿ, ಬೀಗರು, ಕುಂಕುಮದ ತಟ್ಟೆ, ಉಡಿ ತುಂಬಿದ ತೆಂಗಿನಕಾಯಿ. ರಮಾಬಾಯಿ ಕೆಟ್ಟವಳಲ್ಲ. ಬೇಡ ಎಂದು ಅವಳೇನೂ ಹೇಳಲಿಲ್ಲ. ಕಟ್ಟಲೇ ಎಂದು ಸೈದಾನಬಿಯೇ ಕೇಳಲಿಲ್ಲ. ಜಯಮಾಲಾ ಕಿಟಕಿಯ ಹೊರಗೆ ತೋಳು ಚಾಚಿ ಕೂತಿದ್ದಳು, ಸೆಕೆಗೆ ಇರಬೇಕು. ಇವಳು ಬಲಗೈ ಮುಷ್ಟಿಯನ್ನು ಬುರ್ಖಾದೊಳಗೇ ಇಟ್ಟುಕೊಂಡು, ಎಡಗೈ ಬೀಸಿ ಕಳಿಸಿ ಬಂದಳು. ಗಾಡಿಗಾದರೂ ಕಟ್ಟಿದರೆ ಅವಳಿಗೆ ಮುಟ್ಟೀತು ಎಂದುಕೊಂಡಿದ್ದಳು.

"ಸೀಟಿನ ಕೆಳಗ ಇಡ್ಲೇನಪಾ? ಯಾರಿಗೂ ಕಾಣಂಗಿಲ್ಲ."

"ನನಗ ಕಂಡದಲ್ರಿ." ಲಾಲಪ್ಪ ತಲೆ ಕೆರೆದುಕೊಂಡ. "ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ. ಲಿಂಬಿಕಾಯಿ ಕಟ್ಟಿದ್ರೂ ಬಿಚ್ಚಸ್ತೀನಿ. ಬಂದರದಾಗ ತಕರಾರು ತೆಗದ್ರ ಗಾಡಿ ಅಲ್ಲೇ ಕುಂದರ್ತದ. ಟೀಚರಿಗಿ ಮುಟ್ಟೂದು ಬ್ಯಾಡೇನು?"

ಆ ಮಾತಿಗೆ ಅವಳು ಸೋತಳು. ಎರಡೆರಡು ಸಲ ಬಿಗಿದ ಗಂಟು, ಕೈಗೆ ಬಗ್ಗಲಿಲ್ಲ. ಬಾಗಿ ಹಲ್ಲಿನಿಂದ ಎಳೆಯುವಾಗ ಲಾಲಪ್ಪ ಪಾಪ, ಲಾರಿಯ ಟೈರು ನೋಡುವವನಂತೆ ಆಚೆ ಹೋದ. ಗಾಡಿಯಲ್ಲಿ ಏನೂ ಇಲ್ಲ ಎಂಬ ಕಾಗದಕ್ಕೆ ಸಹಿ ಮಾಡಿ ಅವಳು ಬಸ್ಸು ಹತ್ತಿದಳು. ಮಡಿಲಲ್ಲಿ ದಿಂಬು, ದಿಂಬಿನ ಮೇಲೆ ಕಲ್ಲು. ಕಂಡಕ್ಟರ್ ನಕ್ಕ.

"ಏನವ್ವ, ಊರಾಗ ಕಲ್ಲು ಕಡಿಮಿ ಬಿದ್ದಾವಂತ ಶಹಾಬಾದಿಗಿ ಕಲ್ಲು ಒಯ್ಯಲಿಕತ್ತೀಯೇನು?"

ಬಸ್ಸಿಗೆ ಬಸ್ಸೇ ನಕ್ಕಿತು. ಜಯಮಾಲಾ ಪಕ್ಕದಲ್ಲಿದ್ದಿದ್ದರೆ ಇವಳೂ ನಗುತ್ತಿದ್ದಳು.

ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಫೋನು ಬಂತು. ಸೈದಾನಬಿ ಮಷಿನ್ ನಿಲ್ಲಿಸಿದಳು.

"ಆಪಾ, ಗಾಡಿ ಬಂತು! ಒಂದು ಗೀರು ಸುದ್ದಾ ಬಿದ್ದಿಲ್ಲ." ಹಿಂದೆ ಸಮುದ್ರದ ಗಾಳಿ ಭರ್ರೆನ್ನುತ್ತಿತ್ತು. "ಭಾಳ ಛಂದ ಊರದ. ಆದ್ರ ಮಾತಾಡೋರು ಯಾರೂ ಇಲ್ಲ ನೋಡು."

"ಅಲ್ಲಾ ಖೈರ್ ಮಾಡ್ಲಿ. ಸಾವಕಾಶ ಓಡ್ಸು."

ಜಯಮಾಲಾ ಗಾಡಿಯೊಳಗೆ ಕೂತು ಬಾಗಿಲು ಹಾಕಿಕೊಂಡ ಸದ್ದಾಯಿತು. "ಕೀಲಿ ಕೈಗಿ ಬಂದ ಕೂಡ್ಲೆ ಗಾಡಿ ಎಲ್ಲಾ ಹುಡುಕಿದೆ. ಮ್ಯಾಟ್ ಎತ್ತಿದೆ, ಸೀಟಿನ ಕೆಳಗ ಕೈ ಹಾಕಿದೆ. ನೀ ಏನಾರ ಇಟ್ಟಿರ್ತಿ ಅಂತ."

ಸೈದಾನಬಿಯ ಕೈ ತಾನೇ ಗುಂಡಿಗಳ ಡಬ್ಬಿಯ ಕಡೆ ಹೋಯಿತು. ಹಸಿರು ಬಟ್ಟೆ ಅದರೊಳಗಿತ್ತು. "ಖಾಲಿ ಇರಬೇಕಂತ ರೂಲ್ ಅದ, ಜಯಾ," ಎಂದಳು.

"ಗಾಡಿಗಿ ರೂಲ್ ಅದ, ಖರೆ," ಎಂದಳು ಜಯಮಾಲಾ. "ಸ್ಟೇಷನ್ನಿನಾಗ ಬುರ್ಖಾದೊಳಗ ಬಿಗಿದ ನಿನ್ನ ಮುಷ್ಟಿ ನೋಡಿದ್ದೆ ಆಪಾ. ನೀ ಕಟ್ತಿ ಅಂತ ರೈಲು ಬಿಡೂ ತನಕಾ ತೋಳು ಹೊರಗೇ ಇಟ್ಟಿದ್ದೆನಲ್ಲ."