ಒಂದು ಗುಲಗಂಜಿ ಹೆಚ್ಚು

ಹೆಂಡತಿ ಗಿಡಗಳಿಗೆ ನೀರು ಹಾಕಲು ಬಾಲ್ಕನಿಗೆ ಹೋದದ್ದೇ ತಡ, ತಕ್ಕಡಿ ಸಾಹೇಬರು ಆಕೆಯ ತಟ್ಟೆಯಲ್ಲಿದ್ದ ಚಾಕೊಲೇಟನ್ನು ಎಗರಿಸಿ, ಆ ಜಾಗದಲ್ಲಿ ತಮ್ಮ ಜೇಬಿನಲ್ಲಿದ್ದ ಇನ್ನೊಂದನ್ನು ಇಟ್ಟರು. ಕದ್ದದ್ದನ್ನು ಬಾಯಿಗೆ ಹಾಕಿಕೊಂಡರು. ಕಹಿ. ಮುಖ ಕಿವುಚಿಕೊಂಡೇ ನುಂಗಿ, ಪೇಪರು ಬಿಡಿಸಿ ಕೂತರು. ಇದು ನಲವತ್ತನೆಯ ದಿನ. ಬಾಲ್ಕನಿಯಲ್ಲಿದ್ದದ್ದು ಮೂರೇ ಕುಂಡ. ನೀರು ಹಾಕಿ ಬರಲು ಆಕೆಗೆ ಹತ್ತು ನಿಮಿಷ ಹಿಡಿಯುತ್ತಿತ್ತು.

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರು. ಬೀದಿಯವರು ಇಟ್ಟ ಹೆಸರೇ ತಕ್ಕಡಿ ಸಾಹೇಬರು. ಮೂವತ್ತೊಂದು ವರ್ಷ ಅಂಗಡಿ ಅಂಗಡಿ ಹೊಕ್ಕವರು. ವ್ಯಾಪಾರಿ ಚಾಪೆಯ ಕೆಳಗೆ ನುಸುಳಿದರೆ ಇವರು ರಂಗೋಲಿಯ ಕೆಳಗೆ ನುಸುಳುತ್ತಿದ್ದರು. ನಿವೃತ್ತರಾಗಿ ಮೂರು ವರ್ಷವಾಗಿತ್ತು. ಅಲ್ಲಿಂದೀಚೆಗೆ ಒಂದೇ ಒಂದು ಮೋಸ ಕೈಗೆ ಸಿಕ್ಕಿರಲಿಲ್ಲ. ಬದುಕು ಸಪ್ಪೆಯಾಗಿತ್ತು.

ಆ ಸಪ್ಪೆ ದಿನಗಳಲ್ಲೇ ಎದೆ ಬಿಗಿದುಕೊಂಡಿತು. ಅವರ ಅಣ್ಣ ಹೋದದ್ದೂ ಹಾಗೆಯೇ, ಅರವತ್ತೊಂದಕ್ಕೆ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ. ಡಾಕ್ಟರು ರಕ್ತದೊತ್ತಡ ಅಳೆದು, ನೂರ ಎಂಬತ್ತೆಂದು ಹುಬ್ಬು ಗಂಟಿಕ್ಕಿ, ದಿನಕ್ಕೊಂದು ಮಾತ್ರೆ ಬರೆದರು.

"ಎಷ್ಟು ದಿನ ತಗೋಬೇಕು?"

"ಜೀವ ಇರೋವರೆಗೆ."

ಸಾಹೇಬರು ಮನೆಗೆ ಬಂದವರೇ ಪೊಟ್ಟಣವನ್ನು ಮೇಜಿನ ಮೇಲೆ ಕುಕ್ಕಿದರು. "ಸಾಯೋವರೆಗೂ ಕೊಂಡ್ಕೋತಾನೇ ಇರ್ಬೇಕಂತೆ! ಇದಕ್ಕಿಂತ ದೊಡ್ಡ ಮೋಸ ಇನ್ನೇನಿದೆ ಕಣೇ?"

ಹೆಂಡತಿ ಬೇಡಿಕೊಂಡಳು, ಅತ್ತಳು, ಭಾವನ ಹೆಸರೆತ್ತಿದಳು. ಎಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ವಾರ ಕಳೆದ ಮೇಲೆ ಕಣ್ಣೊರೆಸಿಕೊಂಡು, "ಆಯ್ತು ಬಿಡಿ, ಅಂಗಡಿಗೆ ವಾಪಸ್ ಕೊಟ್ಟುಬರ್ತೀನಿ" ಎಂದು ಪೊಟ್ಟಣ ಎತ್ತಿಕೊಂಡು ಹೋದಳು. ಸಾಹೇಬರು ಗೆದ್ದೆ ಎಂದುಕೊಂಡರು.

ಹದಿನೈದು ದಿನಕ್ಕೆ 'ಹೃದಯಮಿತ್ರ' ಚಾಕೊಲೇಟಿನ ಡಬ್ಬಿ ಮನೆಗೆ ಬಂತು. ದಿನಕ್ಕೊಂದು ತಿಂದರೆ ಹೃದಯದ ಚಿಂತೆಯೇ ಇಲ್ಲವಂತೆ. ಡಬ್ಬಿಯನ್ನು ತಿರುಗಿಸಿ ನೋಡಿದ ಸಾಹೇಬರ ಕಣ್ಣು ಅರಳಿತು. ಬೆಲೆ ಇಲ್ಲ, ತಯಾರಕರ ವಿಳಾಸವಿಲ್ಲ, ತಾರೀಕಿಲ್ಲ. ಕಾಯ್ದೆ ಪಟ್ಟಿ ಮಾಡಿದ ತಪ್ಪುಗಳೆಲ್ಲ ಒಂದೇ ಡಬ್ಬಿಯ ಮೇಲೆ!

"ಮಕ್ಕಳ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಔಷಧಿ ಕೊಟ್ಟೋಳು ನೀನು. ನಿಂಗೂ ಟೋಪಿ ಹಾಕಿದ್ರಲ್ಲೇ!"

"ಮನೇಲಿ ಒಬ್ಬರ ಹೃದಯವಾದ್ರೂ ನೆಟ್ಟಗಿರಲಿ ಬಿಡಿ."

"ಮೋಸ ಹೋಗೋರು ದಡ್ಡರಲ್ಲ ಕಣೇ, ಆಸೆ ಇರೋರು. ಯಾರಿಗೆ ಏನು ಆಸೆ ಅಂತ ನೋಡ್ಕೊಂಡೇ ಗಾಳ ಹಾಕೋದು."

"ಹಾಗಾದ್ರೆ ನಿಮಗೆ ಯಾರೂ ಹಾಕೋಕಾಗಲ್ಲ ಅನ್ನಿ."

"ಸಾಧ್ಯವೇ ಇಲ್ಲ. ನಂಗೆ ಯಾವ ಆಸೇನೂ ಇಲ್ಲ."

ಆಕೆ ತಲೆಯಾಡಿಸಿ ಒಳಗೆ ಹೋದಳು.

ಅಂದೇ ಸಾಹೇಬರು ಬೀರುವಿನಿಂದ ಹಳೆಯ ಹಿತ್ತಾಳೆ ತಕ್ಕಡಿ ಇಳಿಸಿದರು. ಡಬ್ಬಿಯ ಮೇಲೆ ಒಂದೊಂದಕ್ಕೆ ಹತ್ತು ಗ್ರಾಂ ಎಂದಿತ್ತು. ಒಂಬತ್ತು ಇದ್ದರೆ ಹೆಚ್ಚು ಎಂದು ಮೀಸೆಯಲ್ಲೇ ನಕ್ಕು ತೂಗಿದರು. ಚಾಕೊಲೇಟಿನ ತಟ್ಟೆಯೇ ಕೆಳಗಿಳಿಯಿತು. ತೂಕದ ಬಟ್ಟಿನ ಕಡೆಗೆ ಒಂದು ಗುಲಗಂಜಿ ಹಾಕಿದ ಮೇಲೆ ಸಮವಾಯಿತು. ಇನ್ನೊಂದನ್ನು ತೂಗಿದರು. ಅದೂ ಒಂದು ಗುಲಗಂಜಿ ಹೆಚ್ಚು. ಸಾಹೇಬರು ಪೆಚ್ಚಾದರು. ಕಡಿಮೆ ತೂಗಿದವನನ್ನು ಹಿಡಿದು ಗೊತ್ತೇ ಹೊರತು ಹೆಚ್ಚು ತೂಗಿದವನ ಮೇಲೆ ಅವರು ಜನ್ಮದಲ್ಲಿ ಕೇಸು ಬರೆದವರಲ್ಲ. "ಈ ಕಳ್ಳರಿಗೆ ಸರಿಯಾಗಿ ತೂಗೋದಕ್ಕೂ ಬರಲ್ಲ" ಎಂದು ಗೊಣಗಿ ತಕ್ಕಡಿ ಒಳಗಿಟ್ಟರು.

ತೂಕದಲ್ಲಿ ಸಿಗದ ಕಳ್ಳ ಗುಣದಲ್ಲಿ ಸಿಗಬೇಕು. ಉಪಾಯ ಹೊಳೆಯಿತು. ಹೆಂಡತಿಗೆ ದಿನಾ ಅಂಗಡಿಯ ಮಾಮೂಲಿ ಚಾಕೊಲೇಟು, ಆಕೆಯದು ತಮಗೆ. ಎಸೆಯೋಣವೆಂದರೆ ತಿನ್ನುವ ಪದಾರ್ಥವನ್ನು ಎಸೆದು ಗೊತ್ತಿಲ್ಲದ ಜೀವ. ಮೂರು ತಿಂಗಳ ಮೇಲೆ ತಮ್ಮ ರಕ್ತದೊತ್ತಡ ಅಳೆಸಿ, ತೊಂಬತ್ತು ತಿಂದರೂ ಕೂದಲೆಳೆಯಷ್ಟು ಇಳಿದಿಲ್ಲವೆಂದು ಆಕೆಯ ಮುಂದೆ ಚೀಟಿ ಹಿಡಿಯುವುದು. ಮೂರು ವರ್ಷದಲ್ಲಿ ಮೊದಲ ಬಾರಿಗೆ ಬೆಳಿಗ್ಗೆ ಏಳಲು ಅವರಿಗೊಂದು ಕಾರಣ ಸಿಕ್ಕಿತು.

ತೊಂಬತ್ತನೆಯ ದಿನ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿದರು. ಬಿಚ್ಚಿ, ಮತ್ತೊಮ್ಮೆ ಸುತ್ತಿದರು.

"ನೂರ ಮೂವತ್ತು! ಮಾತ್ರೆ ಚೆನ್ನಾಗಿ ಹಿಡಿದಿದೆ. ಒಂದು ದಿನವೂ ತಪ್ಪಿಸಿಲ್ಲ ಅನ್ಸುತ್ತೆ?"

"ಒಂದು ದಿನವೂ ತಪ್ಪಿಸಿಲ್ಲ" ಎಂದು ಸಾಹೇಬರು ಗಂಭೀರವಾಗಿ ಹೇಳಿ, ಹೊರಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ಓದಿದ ಮನುಷ್ಯನೂ ಎಷ್ಟು ಸುಲಭವಾಗಿ ಮೋಸ ಹೋದ!

ಮೆಟ್ಟಿಲಿಳಿಯುವಾಗ ನಗು ನಿಂತಿತು. ಮಾತ್ರೆ ಒಂದನ್ನೂ ನುಂಗಿಲ್ಲ. ಎದೆಯ ಬಿಗಿತವೂ ಎಂದೋ ಮಾಯವಾಗಿದೆ. ಹಾಗಾದರೆ 'ಹೃದಯಮಿತ್ರ' ನಿಜವಾದ ಸರಕು! ಹೆಂಡತಿಯ ಮುಖ ನೆನಪಾಗಿ ಅವರಿಗೆ ನಾಚಿಕೆಯಾಯಿತು. ಮೂರು ತಿಂಗಳು ಆ ಪಾಪದವಳ ಪಾಲಿನ ಆಯುಷ್ಯವನ್ನು ತಾವೇ ಕದ್ದು ತಿಂದಿದ್ದರು. ಇವತ್ತೇ ಇಬ್ಬರಿಗೂ ಒಂದೊಂದು ಡಬ್ಬಿ ತರಿಸಬೇಕು. ದಾರಿಯಲ್ಲಿ ಸಿಕ್ಕ ಎದುರುಮನೆಯವರನ್ನೂ ಇಸ್ತ್ರಿ ಅಂಗಡಿಯವನನ್ನೂ ತಡೆದು ನಿಲ್ಲಿಸಿ, "ನಂಬಿ, ನಾನು ಪರೀಕ್ಷೆ ಮಾಡಿದ್ದೀನಿ" ಎಂದು ತಾವೇ ಶಿಫಾರಸು ಮಾಡಿದರು.

ಹೆಂಡತಿ ಹೊರಗೆ ಹೋಗಿದ್ದಳು. ಡಬ್ಬಿ ಬಂದ ಪಾರ್ಸೆಲ್ಲಿನ ಮೇಲಾದರೂ ಕಂಪನಿಯ ವಿಳಾಸವಿದ್ದೀತೆಂದು ಸಾಹೇಬರು ಸ್ಟೂಲು ಹತ್ತಿ ಅಡುಗೆಮನೆಯ ಮೇಲಿನ ಕಪಾಟಿಗೆ ಕೈ ಹಾಕಿದರು. ಹಿಟ್ಟಿನ ಡಬ್ಬದ ಹಿಂದೆ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಅದರಲ್ಲಿ ವಿಳಾಸವಿರಲಿಲ್ಲ. ಚಾಕೊಲೇಟು ಎರೆಯುವ ಅಚ್ಚಿತ್ತು, ಪುಟ್ಟ ಕುಟ್ಟಾಣಿಯಿತ್ತು, ಸಾಹೇಬರದೇ ಹೆಸರಿನ ಡಾಕ್ಟರ ಚೀಟಿಯಿತ್ತು. ಚೀಟಿಗೆ ಸುತ್ತಿದ ಮಾತ್ರೆಯ ಹಾಳೆಗಳೆಲ್ಲ ಖಾಲಿ. ಕೊನೆಯದರಲ್ಲಿ ಒಂದೇ ಒಂದು ಉಳಿದಿತ್ತು.

ಅವರು ಹಿತ್ತಾಳೆ ತಕ್ಕಡಿ ತಂದು, ಒಂದು ತಟ್ಟೆಯಲ್ಲಿ ಆ ಮಾತ್ರೆ, ಇನ್ನೊಂದರಲ್ಲಿ ಗುಲಗಂಜಿ ಇಟ್ಟರು. ಮುಳ್ಳು ನಟ್ಟನಡುವೆ ನಿಂತಿತು.