ಕೋಟೆಯ ಬುಡದಲ್ಲಿ ಬಿಟ್ಟ ಚಪ್ಪಲಿ

ಕಾರ್ಕಳದ ಗೊಮ್ಮಟ ಬೆಟ್ಟದ ಬುಡದಲ್ಲಿ ಚಪ್ಪಲಿ ಕಳಚಿ, ಬೆಳಗಿನ ತಣ್ಣನೆಯ ಕಲ್ಲಿಗೆ ಬರಿಗಾಲಿಟ್ಟಾಗಲೆಲ್ಲ ನನಗೆ ಜರ್ಮನಿಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನಾನಾಗ ಎರಡನೇ ತರಗತಿ. ಅಲ್ಲಿ ಕೆಲಸದಲ್ಲಿದ್ದ ಮಾವ ರಜೆಗೆ ಅಜ್ಜಿಯನ್ನೂ ನನ್ನನ್ನೂ ಕರೆಸಿಕೊಂಡಿದ್ದರು. ನದಿಯ ಮೇಲಿನ ಗುಡ್ಡದಲ್ಲಿ ಪಾಳುಬಿದ್ದ ಹಳೆಯ ಕೋಟೆಯೊಂದಿತ್ತು.

"ಮಂಡಿನೋವು ಉಂಟಲ್ಲ ಅಮ್ಮ, ನೀವು ಇಲ್ಲೇ ಕೂತ್ಕೊಳ್ಳಿ. ಫೋಟೋ ತಂದು ತೋರಿಸ್ತೇವೆ" ಎಂದರು ಮಾವ.

"ಫೋಟೋ ನೋಡ್ಲಿಕ್ಕೆ ಅಜೆಕಾರಿನಿಂದ ಇಲ್ಲಿಯವರೆಗೆ ಬರಬೇಕಿತ್ತಾ ಮಾರಾಯ?" ಎನ್ನುತ್ತಾ ಅಜ್ಜಿ ಮೊದಲ ಮೆಟ್ಟಿಲ ಪಕ್ಕ ಚಪ್ಪಲಿ ಬಿಟ್ಟು ಜೋಡಿಸಿಟ್ಟರು.

"ಇಲ್ಲಿ ಮೇಲೆ ದೇವರಿಲ್ಲಮ್ಮ."

"ಇಲ್ಲದಿದ್ದರೆ ಎಂತ? ಬೆಟ್ಟ ಉಂಟಲ್ವಾ?"

ಪಾಚಿ ಹಿಡಿದ ಗೋಡೆಗೆ ಅಂಗೈ ಊರಿ, ಸೀರೆಯ ನೆರಿಗೆ ಎತ್ತಿ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು ಅವರು ಹತ್ತಿದರು. ಮಾವ ಚಾಚಿದ ಕೈಯನ್ನು ಒಮ್ಮೆಯೂ ಹಿಡಿಯಲಿಲ್ಲ. ಮೇಲೆ ಸೂರಿಲ್ಲದ ಗೋಡೆಗಳ ನಡುವೆ ಬರೀ ಹುಲ್ಲು. ಅಜ್ಜಿ ಮುರಿದ ಕಿಟಕಿಯ ಕಲ್ಲಿನ ಮೇಲೆ ಕುಳಿತು, ಕೆಳಗಿನ ನದಿಯನ್ನು ಕಣ್ತುಂಬ ನೋಡಿ, "ಹೂಂ, ಇನ್ನು ಹೋಗುವ" ಎಂದರು.

ಕೆಳಗಿಳಿದು ಬಂದಾಗ ಅಜ್ಜಿಯ ಚಪ್ಪಲಿಯ ಪಕ್ಕದಲ್ಲಿ ಯಾರದೋ ದೊಡ್ಡ ಬೂಟುಗಳೂ, ಅವಕ್ಕೆ ಒತ್ತಿಕೊಂಡು ಒಂದು ಜೊತೆ ಪುಟ್ಟ ಕೆಂಪು ಶೂಗಳೂ ಸಾಲಾಗಿ ನಿಂತಿದ್ದವು.