ಒಂದೇ ಪ್ರತಿ

ಪದ್ಮರೇಖಾ ಹದಿನೈದು ವರ್ಷಗಳಿಂದ, ಬೇರೆ ನಿರ್ಮಾಪಕರು ಕೈಹಾಕದಂಥ ಅನಿಮೇಷನ್ ಚಿತ್ರಗಳನ್ನೇ ನಿರ್ಮಿಸುತ್ತ ಬಂದವರು. ಕಲಾವಿದ ತಾನಾಗಿ ಮುಗಿಯಿತು ಎನ್ನುವವರೆಗೆ ಇಣುಕಿಯೂ ನೋಡುತ್ತಿರಲಿಲ್ಲ. ಅದಕ್ಕೇ ಎಲ್ಲರೂ ಅವರನ್ನು ನಂಬುತ್ತಿದ್ದರು.

ಈ ಸಲ ಕಲಾವಿದ ತ್ಯಾಗರಾಜನದು ಗಾಜಿನ ಮೇಲೆ ಬಣ್ಣದಲ್ಲಿ ಬರೆದು ಮಾಡುವ ಅನಿಮೇಷನ್. ಒಂದು ಚಿತ್ರ ಬರೆದು ಫೋಟೊ ತೆಗೆದ ಮೇಲೆ, ಅದನ್ನು ಒರೆಸಿಯೇ ಮುಂದಿನದನ್ನು ಬರೆಯಬೇಕು. ಉಳಿಯುವುದು ಫೋಟೊಗಳು ಮಾತ್ರ. ಎರಡು ವರ್ಷದ ಕೆಲಸ ಇದರಲ್ಲಿದೆ, ಬೇರೆ ಪ್ರತಿ ಇಲ್ಲ ಎಂದು ಅವನು ಒಂದು ಹಾರ್ಡ್ ಡಿಸ್ಕ್ ಕೊಟ್ಟಿದ್ದ. ಮರುದಿನವೇ ಅದು ಪದ್ಮರೇಖಾ ಅವರ ಕೈಜಾರಿ ಮೆಟ್ಟಿಲುಗಳ ಮೇಲೆ ಉರುಳಿತು.

ಅವರು ಅವನ ಸ್ಟುಡಿಯೊಗೆ ಹೋಗಿ ಬಾಗಿಲು ತಟ್ಟಿದರು.

“ತ್ಯಾಗು, ಡಿಸ್ಕು ನನ್ನ ಕೈಯಿಂದ ಬಿದ್ದುಹೋಯ್ತು. ರಿಪೇರಿಯವರು ಏನೂ ತೆಗೆಯೋಕಾಗಲ್ಲ ಅಂದ್ರು.”

ಅವನ ಮುಖ ಬಿಳಿಚಿತು. ಗೋಡೆ ಹಿಡಿದು ಸ್ಟೂಲಿನ ಮೇಲೆ ಕುಳಿತ.

“ಅವರು ತೆರೆದು ನೋಡಿದ್ರಾ?”

“ತೆರೆಯೋಕೇ ಆಗಲಿಲ್ಲ.”

“ಬೀಳೋಕೆ ಮುಂಚೆ ನೀವು?”

“ಇಲ್ಲಪ್ಪ, ನಿನ್ನ ಜೊತೆಗೇ ನೋಡೋಣ ಅಂತಿದ್ದೆ. ಬೈದಾದರೂ ಬೈಯಿ. ನಂಗೆ ಭಯ ಆಗ್ತಿದೆ.”

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

“ಅದರಲ್ಲಿ ಏನೂ ಇರಲಿಲ್ಲ ಮೇಡಂ. ಎರಡು ವರ್ಷದಿಂದ ನಾನು ಒಂದು ಗೆರೆನೂ ಎಳೆದಿಲ್ಲ.”